ಹನ್ನೊಂದನೇ ನಂಬರಿನ ದನಿ

ಗಿಣಿಯ ವ್ಯಾನು ಹತ್ತಿದ ಮೇಲೆ ತಲೆ ಮುಟ್ಟಿಸಿಕೊಳ್ಳದೆ ಯಾರಿಗೂ ಬಿಡುಗಡೆಯಿಲ್ಲ. ಶಾಲೆಯ ಮಕ್ಕಳಿರಲಿ, ಮದುವೆಗೆ ಹೊರಟವರಿರಲಿ, ಚರ್ಚಿಗೆ ಹೋಗುವ ಮುದುಕರಿರಲಿ, ಹೊರಡುವ ಮೊದಲು ಅವನು ತನ್ನ ಸೀಟಿನಿಂದ ಇಳಿದು, ಹಿಂದಿನ ಬಾಗಿಲಿನಿಂದ ಹತ್ತಿ, ಒಬ್ಬೊಬ್ಬರ ತಲೆಯ ಮೇಲೂ ಬೆರಳಿಟ್ಟು ಎಣಿಸುತ್ತಾನೆ. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಲೆಕ್ಕ ಒಂದೇ ಬಂದರೆ ಮಾತ್ರ ಗಾಡಿ ಸ್ಟಾರ್ಟು. ನಡುವೆ ಯಾರಾದರೂ ಎದ್ದು ಜಾಗ ಬದಲಾಯಿಸಿದರೋ, ಮತ್ತೆ ಒಂದರಿಂದ ಶುರು.

ಊರಿಗೆ ಇದೊಂದು ತಮಾಷೆ. ‘ಏನಪ್ಪಾ ಗಿಣಿ, ತಲೆಗಳನ್ನೂ ಯಾರಾದ್ರೂ ಕದೀತಾರಾ?’ ಅಂತ ಬೇಕರಿಯವನು ಕೇಳುತ್ತಾನೆ. ಮಕ್ಕಳ ತಾಯಂದಿರು ಮಾತ್ರ ಬಾಯಿ ತುಂಬ ಹೊಗಳುತ್ತಾರೆ. ‘ಡ್ರೈವರ್ ಅಂದ್ರೆ ಹೀಗಿರ್ಬೇಕು ನೋಡಿ, ಎಷ್ಟು ಜವಾಬ್ದಾರಿ!’ ಅನ್ನುತ್ತಾರೆ. ಹಾಗೆ ಹೊಗಳಿದಾಗಲೆಲ್ಲ ಗಿಣಿ ಗಾಜು ಒರೆಸುವ ಬಟ್ಟೆಗಾಗಿ ಸೀಟಿನ ಕೆಳಗೆ ತಡಕಾಡುತ್ತಾನೆ. ಬಟ್ಟೆ ಅವನ ಹೆಗಲ ಮೇಲೇ ಇರುತ್ತದೆ.

ವಯಸ್ಸು ಐವತ್ತೊಂದು. ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತದೆ. ಇಂಥ ಆಳಿಗೆ ಗಿಣಿ ಅಂತ ಯಾಕೆ ಹೆಸರು ಬಂತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. ಚಿಕ್ಕವನಿದ್ದಾಗ ಅವನು ಯಾರ ದನಿಯನ್ನು ಬೇಕಾದರೂ ಕದಿಯುತ್ತಿದ್ದ. ಪಾದ್ರಿಗಳ ಕೆಮ್ಮು, ಹಾಲಿನವಳ ಕೂಗು, ಅಪ್ಪನ ಸೈಕಲ್ ರಿಪೇರಿ ಅಂಗಡಿಗೆ ಬರುವ ಪೋಸ್ಟ್‌ಮ್ಯಾನಿನ ಗೊಣಗಾಟ, ಎಲ್ಲವನ್ನೂ ಹಾಗ್ಹಾಗೇ ಒಪ್ಪಿಸುತ್ತಿದ್ದ. ಒಂದು ಸಲ ಬಾಗಿಲ ಹಿಂದೆ ನಿಂತು ಅಪ್ಪನ ದನಿಯಲ್ಲಿ ‘ಟೀ ಎಲ್ಲೇ?’ ಅಂತ ಗದರಿ, ಅಮ್ಮನ ಕೈಯಿಂದ ಸೌಟು ಬೀಳಿಸಿದ್ದ. ಈಗ ಯಾರನ್ನೂ ಅಣಕಿಸುವುದಿಲ್ಲ. ಬಿಟ್ಟು ಮೂವತ್ತೊಂಬತ್ತು ವರ್ಷವಾಯಿತು. ಹೆಂಡತಿಗೂ ಅವನಿಗೆ ಆ ವಿದ್ಯೆ ಇತ್ತೆಂದು ಗೊತ್ತಿಲ್ಲ ಅಂದರೆ ನೀವೇ ಲೆಕ್ಕ ಹಾಕಿ.

ಹತ್ತು ವರ್ಷದಿಂದ ಪ್ರತಿ ಭಾನುವಾರ ಅವನು ಚರ್ಚಿನ ವಯಸ್ಸಾದವರನ್ನು ಬಿಟ್ಟಿಯಾಗಿ ಕರೆದುಕೊಂಡು ಹೋಗಿ ಬರುತ್ತಾನೆ. ಕೊನೆಗೆ ಹತ್ತುವವರು ಟೀಚರ್. ಅವರಿಗೆ ಅರವತ್ತೆಂಟು, ಮಂಡಿನೋವು, ಒಂಟಿ ಜೀವ. ಬೆಳಿಗ್ಗೆ ಎಂಟೂವರೆಗೆ ವ್ಯಾನು ಅವರ ಮನೆಯ ಗೇಟಿನ ಮುಂದೆ ನಿಲ್ಲುತ್ತದೆ. ಟೀಚರ್ ಹೊರಗೆ ಬಂದು ಬೀಗ ಹಾಕಿ, ಜಗ್ಗಿ ನೋಡಿ, ಗೇಟಿನವರೆಗೆ ಬರುತ್ತಾರೆ. ಅಲ್ಲಿಂದ ವಾಪಸ್ ಹೋಗಿ ಮತ್ತೆ ಜಗ್ಗುತ್ತಾರೆ. ವ್ಯಾನಿನ ಮೆಟ್ಟಿಲಿಗೆ ಕಾಲಿಡುತ್ತಾರೆ, ಕಾಲು ತೆಗೆಯುತ್ತಾರೆ, ಮೂರನೇ ಸಲ ಹೋಗುತ್ತಾರೆ. ಆ ಮಂಡಿಯಲ್ಲಿ, ಮನೆ ಮುಂದಿನ ಏಳು ಮೆಟ್ಟಿಲು ಹತ್ತಿಕೊಂಡು! ಗಿಣಿ ಎರಡು ಸಲ ಹಾರ್ನ್ ಒತ್ತಿ, ‘ಟೀಚರ್, ಪಾಪ ಬೀಗಕ್ಕೆ ನೋವಾಗುತ್ತೆ, ಬಿಟ್ಬಿಡಿ!’ ಅಂತ ಕೂಗುತ್ತಿದ್ದ. ವ್ಯಾನಿನಲ್ಲಿದ್ದವರೆಲ್ಲ ನಗುತ್ತಿದ್ದರು. ಟೀಚರೂ ನಗುತ್ತಲೇ ಹತ್ತುತ್ತಿದ್ದರು. ಹತ್ತು ವರ್ಷ ಇದೇ ಮಾತಿಗೆ ಇದೇ ನಗು.

ಆ ನಗುವನ್ನು ನೆನಪಿಟ್ಟುಕೊಳ್ಳಿ. ಈಗ ಹಿಂದಕ್ಕೆ ಹೋಗೋಣ.

ಟೀಚರಿಗೆ ಆಗ ಇಪ್ಪತ್ತೊಂಬತ್ತು. ವಾರವೆಲ್ಲ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಡೇ ಸ್ಕೂಲು. ಉದ್ದನೆಯ ಬೆಂಚುಗಳು, ಸುಣ್ಣ ಉದುರುವ ಗೋಡೆ, ಇಪ್ಪತ್ತಮೂರು ಮಕ್ಕಳು. ಹಾಜರಿ ಕರೆಯುವಾಗ ಈ ಕಪಿಗಳು ಒಬ್ಬರನ್ನೊಬ್ಬರು ತಿವಿದು ಗಲಾಟೆ ಮಾಡುತ್ತಿದ್ದವಲ್ಲ, ಅದಕ್ಕೆ ಟೀಚರ್ ಒಂದು ಕ್ರಮ ಹುಡುಕಿದ್ದರು. ಮೊದಲು ಪ್ರಾರ್ಥನೆ. ಪ್ರಾರ್ಥನೆ ಮುಗಿದ ಮೇಲೂ ಯಾರೂ ಕಣ್ಣು ಬಿಡುವಂತಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಜರಿ. ಟೀಚರೂ ಕಣ್ಣು ಮುಚ್ಚಿ, ಬಾಯಿಪಾಠವಾಗಿ ನಂಬರು ಕರೆಯುತ್ತಿದ್ದರು. ಕರೆದವರು ‘ಇಲ್ಲಿದ್ದೇನೆ ಕರ್ತನೇ’ ಅನ್ನಬೇಕು. ‘ನನಗಲ್ಲ ಉತ್ತರ ಕೊಡೋದು, ದೇವರಿಗೆ. ಆತ ನಿಮ್ಮನ್ನ ಒಬ್ಬೊಬ್ಬರನ್ನಾಗಿ ಕರೀತಿದ್ದಾನೆ ಅಂದ್ಕೊಳ್ಳಿ’ ಅನ್ನುತ್ತಿದ್ದರು. ಬಾರದವರ ನಂಬರಿಗೆ ಮೌನ. ಆ ಮೌನದಲ್ಲಿ ಎಲ್ಲರೂ ಆ ಮಗುವಿಗಾಗಿ ಮನಸ್ಸಿನಲ್ಲೇ ಬೇಡಿಕೊಳ್ಳಬೇಕು. ಆಮೇಲೆ ಟೀಚರ್ ಕಣ್ಣು ಬಿಟ್ಟು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದರು.

ಎಷ್ಟು ಚೆಂದದ ಕ್ರಮ! ಎಷ್ಟು ಸುಲಭವಾಗಿ ಮೋಸ ಮಾಡಬಹುದಾದ ಕ್ರಮ! ದೇವರ ಮುಂದೆ ಯಾವ ಮಗು ಸುಳ್ಳು ಹೇಳುತ್ತೆ ಅಂತ ಟೀಚರಿಗೆ ನಂಬಿಕೆ. ಇಂಥ ನಂಬಿಕೆ ಇರುವ ಕಡೆಯೇ ಗಿಣಿಯಂಥವರು ಹುಟ್ಟುವುದು.

ಗಿಣಿಯ ನಂಬರು ಹದಿನಾಲ್ಕು. ಅವನ ಜೀವದ ಗೆಳೆಯ ಡಬ್ಬಿಯದು ಹನ್ನೊಂದು. ಡಬ್ಬಿ ಎಲ್ಲಿಗೆ ಹೋದರೂ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದ. ಅದರಲ್ಲಿ ಗೋಲಿ, ಮೀನಿನ ಗಾಳ, ಮುರಿದ ವಾಚು, ಸತ್ತ ಜೀರುಂಡೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು, ಡಬ್ಬಿಗೆ ಅರ್ಧ ಆಟ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ತಪ್ಪಿಸಿದರೆ ಅಪ್ಪನ ಬೆಲ್ಟು. ಅದಕ್ಕೇ ಗಿಣಿ ಅವನ ಪರವಾಗಿ ಹಾಜರಿ ಹೇಳಲು ಶುರು ಮಾಡಿದ. ಡಬ್ಬಿಗೆ ಹನ್ನೆರಡು ತಿಂಗಳೂ ನೆಗಡಿ, ಮೂಗಿನಲ್ಲೇ ಮಾತು. ‘ಹನ್ನೊಂದು’ ಅಂದ ಕೂಡಲೇ ಗಿಣಿ ಗಂಟಲು ಬಿಗಿದು, ಮೂಗಿನಿಂದ, ‘ಇಲ್ಲಿದ್ದೇನೆ ಕರ್ತನೇ’ ಅನ್ನುತ್ತಿದ್ದ. ಮೂರು ನಂಬರು ಕಳೆದ ಮೇಲೆ ತನ್ನ ದನಿಯಲ್ಲಿ ಇನ್ನೊಮ್ಮೆ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ. ಪಾಠ ಶುರುವಾಗುವಷ್ಟರಲ್ಲಿ ಡಬ್ಬಿ ಕಿಟಕಿ ಹಾರಿ ಕೊನೆಯ ಬೆಂಚಿನಲ್ಲಿ ಕೂತಿರುತ್ತಿದ್ದ, ಮೊಣಕಾಲಿನ ತುಂಬ ಧೂಳು.

ಆ ವರ್ಷದ ಪಿಕ್ನಿಕ್ ಅಣೆಕಟ್ಟಿಗೆ. ಊರಿನಿಂದ ಇಪ್ಪತ್ತು ಕಿಲೋಮೀಟರು. ಮಕ್ಕಳಿಗೆ ಒಂದು ಬಾಡಿಗೆ ಬಸ್ಸು, ದೊಡ್ಡವರಿಗೆ, ಪಾತ್ರೆ ಪಗಡಕ್ಕೆ ಒಂದು ಜೀಪು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಕೆಟ್ಟಿನಲ್ಲಿ ಶರಬತ್ತು. ಹಗ್ಗ ಜಗ್ಗಾಟ ಆಯಿತು, ಗೋಣಿಚೀಲದ ಓಟ ಆಯಿತು, ಪಾದ್ರಿಗಳೇ ಬಿದ್ದು ಹಲ್ಲು ಗಿಂಜಿದರು. ನಾಲ್ಕೂವರೆಗೆ ಹೊರಡುವ ಹೊತ್ತು. ಬಸ್ಸಿನ ಪಕ್ಕದ ಹುಲ್ಲಿನ ಮೇಲೆ ಮಕ್ಕಳನ್ನೆಲ್ಲ ಕೂರಿಸಿ ಟೀಚರ್ ಪ್ರಯಾಣದ ಪ್ರಾರ್ಥನೆ ಶುರು ಮಾಡಿದರು. ಆಗ ಡಬ್ಬಿ ಗಿಣಿಯ ಕಿವಿಯಲ್ಲಿ, ‘ಲೋ, ನನ್ನ ಡಬ್ಬಿ ನೀರಿನ ಹತ್ರಾನೇ ಉಳೀತು. ಓಡಿ ಹೋಗಿ ತರ್ತೀನಿ. ನನ್ನ ನಂಬರು ನೋಡ್ಕೋ’ ಅಂದ. ಎಲ್ಲರ ಕಣ್ಣೂ ಮುಚ್ಚಿತ್ತು. ಅವನು ಬಗ್ಗಿಕೊಂಡು ಜಾರಿ ಹೋದ.

‘ಹನ್ನೊಂದು.’

‘ಇಲ್ಲಿದ್ದೇನೆ ಕರ್ತನೇ’ ಅಂದ ಗಿಣಿ, ಮೂಗಿನಿಂದ.

ಆಮೆನ್ ಅಂದದ್ದೇ ತಡ, ಬಸ್ಸಿಗೆ ನುಗ್ಗಾಟ. ಕಿಟಕಿ ಸೀಟಿಗೆ ಜಗಳ. ಗಿಣಿಗೆ ಕಿಟಕಿ ಸಿಕ್ಕಿತು, ಆ ಖುಷಿಯಲ್ಲಿ ಜಗತ್ತೇ ಮರೆತುಹೋಯಿತು. ಹಾಡು ಶುರುವಾಯಿತು. ಗಿಣಿ ಪಾದ್ರಿಗಳು ಬಿದ್ದದ್ದನ್ನು ಅಣಕಿಸಿ ತೋರಿಸಿದ, ಬಸ್ಸೆಲ್ಲ ಉರುಳಾಡಿ ನಕ್ಕಿತು. ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಹಿಂದೆ ತಿರುಗಿ, ‘ಡಬ್ಬೀ, ಹೆಂಗಿತ್ತೋ?’ ಅಂದ. ಉತ್ತರ ಬರಲಿಲ್ಲ. ಎದ್ದು ನೋಡಿದ. ಡಬ್ಬಿ ಇರಲಿಲ್ಲ.

ಇಲ್ಲಿ ಕೇಳಿ, ಇದೇ ಮುಖ್ಯ. ಅಣೆಕಟ್ಟಿನಲ್ಲಿ ಮಾಡಿದ್ದು ಹುಡುಗಾಟ, ಒಪ್ಪೋಣ. ಬಸ್ಸು ನಿಂತಿತ್ತು, ಡ್ರೈವರ್ ಕೆಳಗಿದ್ದ, ಟೀಚರ್ ಮುಂದಿನ ಸೀಟಿನಲ್ಲೇ ಇದ್ದರು. ಹತ್ತು ಹೆಜ್ಜೆ. ‘ಟೀಚರ್, ಡಬ್ಬಿ ಇಲ್ಲ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಗಿಣಿ ಎದ್ದು ನಿಂತ. ‘ಹಾಗಾದ್ರೆ ಹಾಜರಿ ಹೇಳಿದ್ದು ಯಾರು?’ ಅಂತ ಕೇಳುತ್ತಾರಲ್ಲ ಅನಿಸಿತು. ಕೂತ. ಜೀಪಿನಲ್ಲಿ ಬರ್ತಿರ್ತಾನೆ ಬಿಡು, ಅಂತ ತನಗೆ ತಾನೇ ಹೇಳಿಕೊಂಡ. ಎರಡು ಸಲ ಹೇಳಿಕೊಂಡ ಮೇಲೆ ಅದು ನಿಜವೇ ಅನ್ನಿಸಿತು. ಬಸ್ಸು ಹೊರಟಿತು.

ಚರ್ಚಿನ ಗೇಟಿನಲ್ಲಿ ಡಬ್ಬಿಯ ಅಮ್ಮ ಕಾಯುತ್ತಿದ್ದರು. ಮಕ್ಕಳೆಲ್ಲ ಇಳಿದರು. ಜೀಪು ಬಂತು, ಪಾತ್ರೆ ಇಳಿಯಿತು. ‘ನನ್ನ ಮಗ ಎಲ್ಲಿ ಟೀಚರ್?’ ಅಂದರು ಆ ತಾಯಿ. ಆ ರಾತ್ರಿಯೆಲ್ಲ ಊರಿನ ಗಂಡಸರು ಟಾರ್ಚು ಹಿಡಿದು ಅಣೆಕಟ್ಟಿನ ಸುತ್ತ ಹುಡುಕಿದರು. ಬೆಳಿಗ್ಗೆ ಆರಕ್ಕೆ ಕಾಲುವೆ ಕಾಯುವವನಿಗೆ ಡಬ್ಬಿ ಸಿಕ್ಕಿದ. ಒಳದಾರಿ ಹಿಡಿದು ನಡೆದು ಬರಲು ಹೋಗಿ ಒಣಗಿದ ಕಾಲುವೆಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಮೈಯೆಲ್ಲ ಜ್ವರ. ತಗಡಿನ ಡಬ್ಬಿ ಕಂಕುಳಲ್ಲೇ ಇತ್ತು.

ಡಬ್ಬಿ ಉಳಿದ, ಎರಡು ತಿಂಗಳಲ್ಲಿ ಓಡಾಡಿದ. ಉಳಿಯದೆ ಹೋದವರು ಟೀಚರ್.

ಚರ್ಚಿನ ಸಭೆಯ ಹಿರಿಯರು ಕೂತು ವಿಚಾರಣೆ ಮಾಡಿದರು. ಹನ್ನೆರಡು ಕುರ್ಚಿ, ಎದುರಿಗೆ ಟೀಚರಿಗೊಂದು ಸ್ಟೂಲು. ಟೀಚರ್ ಹೇಳಿದ್ದು ಒಂದೇ ಮಾತು. ‘ನಾನು ಕರೆದೆ. ಅವನು ಉತ್ತರ ಕೊಟ್ಟ. ಅವನ ದನಿಯನ್ನ ನನ್ನ ಕಿವಿಯಾರೆ ಕೇಳಿದೆ.’ ಡಬ್ಬಿಯನ್ನು ಕೇಳಿದರೆ, ‘ನಾನು ಆಗ ನೀರಿನ ಹತ್ರ ಇದ್ದೆ’ ಅಂದ. ನಿಜವೇ ತಾನೇ? ಅಷ್ಟು ಹೇಳಿ ಗಿಣಿಯ ಕಡೆ ನೋಡಿದ. ಗಿಣಿ ನೆಲ ನೋಡಿದ. ಇಬ್ಬರಿಗೂ ಬೆಲ್ಟಿನ ಹೆದರಿಕೆ, ಒಂದು ವರ್ಷದ ಸುಳ್ಳು ಹಾಜರಿ ಬಯಲಾಗುವ ಹೆದರಿಕೆ. ‘ನಮಗೂ ಕೇಳಿಸಿತು’ ಅಂದ ಒಂದಿಬ್ಬರು ಚಿಕ್ಕ ಹುಡುಗಿಯರನ್ನು ಹಿರಿಯರು, ‘ಟೀಚರ್ ಹೇಳಿಕೊಟ್ಟದ್ದು ಒಪ್ಪಿಸಬೇಡಿ’ ಅಂತ ಸುಮ್ಮನಾಗಿಸಿದರು. ಕೊನೆಗೆ ದೊಡ್ಡ ಹಿರಿಯರು, ‘ಇಲ್ಲದ ಹುಡುಗನ ದನಿ ನಿಮಗೆ ಕೇಳಿಸಿತು ಅಂದ್ರೆ, ಒಂದೋ ನೀವು ಸುಳ್ಳು ಹೇಳ್ತಿದ್ದೀರ, ಇಲ್ಲಾ ನಿಮ್ಮ ತಲೆ ಸರಿಯಿಲ್ಲ ತಾಯಿ. ಯಾವುದೇ ಆಗಿದ್ರೂ ಮಕ್ಕಳನ್ನ ನಿಮ್ಮ ಕೈಗೆ ಕೊಡೋಕಾಗಲ್ಲ’ ಅಂದರು. ಸಂಡೇ ಸ್ಕೂಲು ಬೇರೆಯವರ ಪಾಲಾಯಿತು. ಕಣ್ಣು ಮುಚ್ಚಿ ಹಾಜರಿ ಕರೆಯುವುದೂ ಅಂದಿಗೆ ನಿಂತಿತು.

ಗಿಣಿ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡನೋ ಲೆಕ್ಕವಿಲ್ಲ. ಹದಿನೈದಕ್ಕೆ ಅಂದುಕೊಂಡ, ಇಪ್ಪತ್ತಕ್ಕೆ ಅಂದುಕೊಂಡ, ಮದುವೆಯ ಹಿಂದಿನ ದಿನ ಅಂದುಕೊಂಡ. ತಡವಾದಷ್ಟೂ ಮಾತು ಭಾರವಾಯಿತು. ದೇವರಿಗೆ ಮಾತ್ರ ನೂರು ಸಲ ಹೇಳಿದ್ದ. ದೇವರಿಗೆ ಹೇಳುವುದು ಸುಲಭ ನೋಡಿ, ಆತ ಬೀಗ ಹಾಕಿಕೊಂಡು ನಿಮ್ಮ ವ್ಯಾನು ಹತ್ತಲು ಬರುವುದಿಲ್ಲ. ದೂರದ ಬಂದರಿನಲ್ಲಿ ಕ್ರೇನ್ ನಡೆಸುವ ಡಬ್ಬಿಗೆ ಒಮ್ಮೆ ಫೋನಿನಲ್ಲಿ ಹೇಳಿದರೆ ಅವನು ನಕ್ಕುಬಿಟ್ಟ. ‘ಲೋ, ಅದನ್ನ ಇನ್ನೂ ಹಿಡ್ಕೊಂಡಿದೀಯಾ? ನನ್ನ ಕಾಲೇ ಮರೆತಿದೆ ಕಣೋ!’ ಅಂದ. ಗಿಣಿಗೆ ನಗು ಬರಲಿಲ್ಲ. ಹಾಜರಿ ಹೇಳಿದ ಬಾಯಿ ಡಬ್ಬಿಯದಲ್ಲವಲ್ಲ.

ಹೀಗಿರುವಾಗ ಈ ವರ್ಷ ಹೊಸ ಪಾದ್ರಿಗಳು ಬಂದರು. ಹುಡುಗ ವಯಸ್ಸು, ಮೋಟರ್‌ಬೈಕು, ಎಲ್ಲದಕ್ಕೂ ಉತ್ಸಾಹ. ನಿಂತುಹೋಗಿದ್ದ ಅಣೆಕಟ್ಟಿನ ಪಿಕ್ನಿಕ್ ಮತ್ತೆ ಶುರು ಮಾಡೋಣ ಅಂದರು. ಕಣ್ಣು ಮುಚ್ಚಿ ಹಾಜರಿ ಕರೆಯುವ ಕ್ರಮದ ಬಗ್ಗೆ ಯಾರೋ ಹೇಳಿದ್ದರಂತೆ, ಅದು ಬಹಳ ಹಿಡಿಸಿ, ‘ಟೀಚರ್, ನೀವೇ ಬಂದು ಕರೀಬೇಕು’ ಅಂತ ಅವರ ಮನೆಗೇ ಹೋದರು. ಟೀಚರ್ ಆಗುವುದಿಲ್ಲ ಅಂದರು. ಯಾಕೆ ಅಂದರೆ, ‘ಭಾನುವಾರ ಸಾಕ್ಷಿ ಹೇಳುವಾಗ ಎಲ್ಲರ ಮುಂದೆ ಹೇಳ್ತೀನಿ’ ಅಂದರಂತೆ. ಆರಾಧನೆಯ ನಡುವೆ ಯಾರಾದರೂ ಎದ್ದು ತಮ್ಮ ಬದುಕಿನ ಮಾತನ್ನು ದೇವರ ಮುಂದೆ, ಸಭೆಯ ಮುಂದೆ ಹೇಳಿಕೊಳ್ಳುವುದಕ್ಕೆ ಚರ್ಚಿನಲ್ಲಿ ಸಾಕ್ಷಿ ಅನ್ನುತ್ತಾರೆ.

ಶನಿವಾರ ಸಂಜೆ ಗಿಣಿ ಅವರ ಮನೆಗೆ ಹೋದ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ವಾಷರ್ ಬದಲಾಯಿಸಬೇಕಿತ್ತು. ಅವನು ನಲ್ಲಿ ಬಿಚ್ಚಿ ಕೂತಿದ್ದಾಗ ಟೀಚರ್ ಕನ್ನಡಕ ಹಾಕಿಕೊಂಡು, ಮಡಚಿದ ಹಾಳೆಯೊಂದನ್ನು ಹಿಡಿದು ಬಾಗಿಲಿಗೆ ಬಂದರು.

‘ಒಂದು ಚೂರು ಕೇಳ್ತೀಯಾ? ನಾಳೆ ಓದಬೇಕು. ನೀನು ಅಲ್ಲೇ ಇದ್ದೆಯಲ್ಲ, ಹದಿನಾಲ್ಕನೇ ನಂಬರು. ಏನಾದ್ರೂ ತಪ್ಪಿದ್ರೆ ಹೇಳು’ ಅಂದರು.

ಓದಿದರು. ‘ಪ್ರಿಯರೇ, ಮೂವತ್ತೊಂಬತ್ತು ವರ್ಷದ ಹಿಂದೆ ನನ್ನ ಕೈಗೆ ಒಪ್ಪಿಸಿದ್ದ ಮಗುವನ್ನು ನಾನು ಬಿಟ್ಟು ಬಂದೆ. ಹನ್ನೊಂದು ಎಂದು ಕರೆದೆ. ಅವನ ದನಿ ಕೇಳಿಸಿತು ಎಂದು ಹಟ ಹಿಡಿದೆ. ಕೇಳಿಸಿರಲಿಲ್ಲ. ಕೇಳಿಸಲು ಸಾಧ್ಯವಿರಲಿಲ್ಲ. ಆ ಹಟ ನನ್ನ ಅಹಂಕಾರ. ಸಾಯುವ ಮೊದಲು ಆ ತಾಯಿಯ ಮುಂದೆ, ನಿಮ್ಮ ಮುಂದೆ ಕ್ಷಮೆ ಕೇಳುತ್ತೇನೆ.’

ಗಿಣಿ ಸ್ಪ್ಯಾನರ್ ಕೆಳಗಿಟ್ಟ.

‘ನಿಮಗೆ... ನಿಮಗೆ ಕೇಳಿಸ್ತು ಅಂತ ಹೇಳ್ತಿದ್ರಲ್ಲ ಟೀಚರ್?’

‘ಹೇಳ್ತಿದ್ದೆ. ಮೊದಮೊದಲು ಪ್ರಾಣ ಹೋದ್ರೂ ನಿಜ ಅಂತಿದ್ದೆ. ಆಮೇಲೆ ಅಮ್ಮ ಶುರು ಮಾಡಿದ್ಲು ನೋಡು.’ ಟೀಚರ್ ಸ್ಟೂಲು ಎಳೆದು ಕೂತರು. ‘ಅಮ್ಮ ಬಾಯಿಬಿಟ್ಟು ಒಂದು ಮಾತೂ ಅನ್ಲಿಲ್ಲ. ಆದ್ರೆ ನಾನು ಗ್ಯಾಸ್ ಆಫ್ ಮಾಡಿ ಬಂದ್ರೆ, ಹಿಂದೇನೇ ಹೋಗಿ ನೋಡೋಳು. ನಾನು ಬೀಗ ಹಾಕಿದ್ರೆ ಅವಳೊಂದ್ಸಲ ಜಗ್ಗೋಳು. ಸಾಯೋ ತನಕ ಹಾಗೇ. ನನ್ನ ಮಗಳ ತಲೆ ಸರಿಯಿಲ್ಲ ಅಂತ ಅವಳಿಗೆ ಖಾತ್ರಿಯಾಗಿತ್ತು. ಅವಳು ಹೋದ್ಮೇಲೆ ಜಗ್ಗಿ ನೋಡೋ ಕೆಲಸ ನನಗೇ ಬಂತು. ಶಾಲೇಲಿ ಹೆಡ್‌ಮಿಸ್ ಆಗಿ ಅಂದ್ರು, ನಾನೇ ಬೇಡ ಅಂತ ಬರ್ಕೊಟ್ಟೆ. ಇಲ್ಲದ ದನಿ ಕೇಳಿಸಿಕೊಳ್ಳೋ ಕಿವಿ ಇಟ್ಕೊಂಡು ಯಾರನ್ನ ನೋಡ್ಕೊಳ್ಳಲಿ ಹೇಳು? ನೀನು ಹಾರ್ನ್ ಒತ್ತಿ ತಮಾಷೆ ಮಾಡ್ತೀಯಲ್ಲ, ಒಳ್ಳೇದೇ ಅನ್ಸುತ್ತೆ. ನಕ್ಕರೆ ಹಗುರಾಗುತ್ತೆ.’

ಇಷ್ಟು ವರ್ಷ ಗಿಣಿ ತಾನು ಕಿತ್ತುಕೊಂಡದ್ದು ಒಂದು ಸಂಡೇ ಸ್ಕೂಲು ಅಂದುಕೊಂಡಿದ್ದ. ವಾರಕ್ಕೊಂದು ಗಂಟೆಯ ಕೆಲಸ, ಹೋದರೆ ಹೋಯಿತು ಅಂತ ಎಷ್ಟೋ ರಾತ್ರಿ ಸಮಾಧಾನ ಹೇಳಿಕೊಂಡಿದ್ದ. ಈ ಹೆಂಗಸಿನ ಕಿವಿಯನ್ನೇ ಕಿತ್ತುಕೊಂಡಿದ್ದನಲ್ಲ! ಹತ್ತು ವರ್ಷ ಪ್ರತಿ ಭಾನುವಾರ ಅದನ್ನೇ ನೋಡಿ ಹಾರ್ನ್ ಬೇರೆ ಒತ್ತಿದ್ದ! ಹೇಳು, ಈಗ ಹೇಳು, ಅಂತ ತನಗೆ ತಾನೇ ಹೇಳಿಕೊಂಡ.

‘ಏನಾದ್ರೂ ತಪ್ಪಿದೆಯಾ?’ ಅಂದರು ಟೀಚರ್.

‘ಇಲ್ಲ ಟೀಚರ್. ಸರಿಯಾಗಿದೆ’ ಅಂದ ಗಿಣಿ.

ನೋಡಿದಿರಾ? ಪೆಟ್ರೋಲ್ ಬಂಕಿನ ಹನ್ನೆರಡು ವರ್ಷದ ಹುಡುಗನೇ ಐವತ್ತೊಂದರಲ್ಲೂ ಎದ್ದು ನಿಂತು ಮತ್ತೆ ಕೂತ. ವಾಷರ್ ಹಾಕಿದ, ನಲ್ಲಿ ಬಿಗಿದ, ಟೀಚರ್ ಕೊಟ್ಟ ಟೀ ಕುಡಿದು ಮನೆಗೆ ಹೋದ. ‘ಮುಖ ಯಾಕ್ರೀ ಹಾಗಿದೆ?’ ಅಂತ ಹೆಂಡತಿ ಕೇಳಿದರೆ, ‘ನಲ್ಲಿ ರಿಪೇರಿ’ ಅಂದ. ಅದೇನು ಉತ್ತರವೋ!

ಭಾನುವಾರ ಟೀಚರ್ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟು ಬಂದರು. ಬೀಗ ಜಗ್ಗಿದರು, ಗೇಟಿನಿಂದ ಹಿಂದೆ ಹೋದರು, ಮೆಟ್ಟಿಲಿನಿಂದ ಹಿಂದೆ ಹೋದರು. ಗಿಣಿಯ ಕೈ ಹಾರ್ನಿನ ಹತ್ತಿರ ಹೋಗಲಿಲ್ಲ. ‘ಏನೋ ಇವತ್ತು ಹಾರ್ನ್ ಕೆಟ್ಟಿದೆಯಾ?’ ಅಂತ ಹಿಂದಿನಿಂದ ಯಾರೋ ಅಜ್ಜ ಕೇಳಿದರು. ದಾರಿಯಲ್ಲಿ ಹೇಳಬೇಕೆಂದಿದ್ದ. ಆರು ಜನ ಕೂತಿದ್ದರು, ಹೇಗೆ ಹೇಳುವುದು? ಇಳಿಯುವಾಗ ಹೇಳಬೇಕೆಂದಿದ್ದ. ಪಾದ್ರಿಗಳೇ ಬಂದು ಟೀಚರ ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ಗಿಣಿ ಎಂದಿನಂತೆ ಕೊನೆಯ ಬೆಂಚಿನಲ್ಲಿ ಕೂತ. ಎರಡು ಹಾಡಾಯಿತು. ‘ಸಾಕ್ಷಿ ಹೇಳೋರು ಮುಂದೆ ಬನ್ನಿ’ ಅಂದರು ಪಾದ್ರಿಗಳು. ಟೀಚರ್ ಎದ್ದರು. ಮೊದಲ ಬೆಂಚಿನಲ್ಲಿ ಡಬ್ಬಿಯ ಅಮ್ಮ, ಎಪ್ಪತ್ತನಾಲ್ಕು ವರ್ಷದ ಮುದುಕಿ, ಕೋಲು ಹಿಡಿದು ಕೂತಿದ್ದರು. ಆವತ್ತಿನಿಂದ ಇವತ್ತಿನವರೆಗೆ ಆಕೆ ಟೀಚರ ಜೊತೆ ನಮಸ್ಕಾರದ ಆಚೆ ಒಂದು ಮಾತಾಡಿದವರಲ್ಲ. ಟೀಚರ್ ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದರು. ಹಾಳೆ ಅಲುಗಾಡುವ ಸದ್ದು ಮೈಕಿನಲ್ಲಿ ಕೇಳಿಸುತ್ತಿತ್ತು.

‘ಪ್ರಿಯರೇ, ಮೂವತ್ತೊಂಬತ್ತು ವರ್ಷದ ಹಿಂದೆ...’ ಶುರು ಮಾಡಿದರು. ‘ನನ್ನ ಕೈಗೆ ಒಪ್ಪಿಸಿದ್ದ ಮಗುವನ್ನು ಬಿಟ್ಟು ಬಂದೆ. ಹನ್ನೊಂದು ಎಂದು ಕರೆದೆ. ದನಿ ಕೇಳಿಸಿತು ಎಂದು ಹಟ ಹಿಡಿದೆ. ಆದರೆ ನನಗೆ...’

ಗಿಣಿ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ಗೊತ್ತಿಲ್ಲ. ನಿಲ್ಲಿಸಿ ಅನ್ನಬೇಕಿತ್ತು, ನಾನು ಅನ್ನಬೇಕಿತ್ತು. ಸ್ವಂತ ದನಿ ಗಂಟಲಿನಿಂದ ಮೇಲೆ ಬರಲಿಲ್ಲ. ಬಂದದ್ದು ಇನ್ನೊಂದು.

‘ಇಲ್ಲಿದ್ದೇನೆ ಕರ್ತನೇ.’

ಮೂಗಿನಿಂದ. ನೆಗಡಿಯ ಹುಡುಗನ ದನಿ, ದಪ್ಪ ಗಂಟಲಿನಲ್ಲಿ ಸಿಕ್ಕಿಕೊಂಡು ಬಂದ ಹಾಗೆ.

ಮಕ್ಕಳು ಕಿಸಕ್ಕೆಂದು ನಕ್ಕವು. ದೊಡ್ಡವರು ತಿರುಗಿ ನೋಡಿದರು. ಡಬ್ಬಿಯ ಅಮ್ಮನ ಕೋಲು ನೆಲಕ್ಕೆ ಬಿತ್ತು. ಟೀಚರ್ ಮಾತ್ರ ತಲೆ ಎತ್ತಲಿಲ್ಲ. ಅವರ ಕಣ್ಣು ಮುಚ್ಚಿತ್ತು.

‘ಇನ್ನೊಂದ್ಸಲ’ ಅಂದರು.

‘ಇಲ್ಲಿದ್ದೇನೆ ಕರ್ತನೇ’ ಅಂದ ಗಿಣಿ. ಕಣ್ಣೀರು ಗಲ್ಲಕ್ಕಿಳಿದಿತ್ತು. ಆಮೇಲೆ ತನ್ನ ದನಿಯಲ್ಲೇ, ‘ನಾನು ಹೇಳಿದ್ದು ಟೀಚರ್. ಡಬ್ಬಿ ಅಲ್ಲ. ಒಂದು ವರ್ಷದಿಂದ ಅವನ ಹಾಜರಿ ನಾನೇ ಹೇಳ್ತಿದ್ದೆ. ಅವತ್ತೂ ನಾನೇ ಹೇಳಿದೆ. ಪೆಟ್ರೋಲ್ ಬಂಕ್ ಹತ್ರ ಅವನಿಲ್ಲ ಅಂತ ಗೊತ್ತಾಯ್ತು. ಆಗ್ಲೂ ಹೇಳ್ಲಿಲ್ಲ. ಹಿರಿಯರು ಕೇಳಿದಾಗ್ಲೂ ಹೇಳ್ಲಿಲ್ಲ. ನಿನ್ನೆ ನೀವು ಓದಿ ಕೇಳಿಸಿದಾಗ್ಲೂ ಹೇಳ್ಲಿಲ್ಲ’ ಅಂದ.

ಟೀಚರ್ ಕಣ್ಣು ಬಿಟ್ಟರು. ಹಾಳೆಯನ್ನು ನಾಲ್ಕಾಗಿ ಮಡಚಿದರು. ಸಭೆಗೆ ಅಲ್ಲ, ಗಿಣಿಗೂ ಅಲ್ಲ, ತಮಗೆ ತಾವೇ ಹೇಳಿಕೊಂಡ ಹಾಗೆ, ‘ಕೇಳಿಸಿತ್ತು. ನನಗೆ ಕೇಳಿಸಿತ್ತು’ ಅಂದರು. ಮೈಕು ಅದನ್ನು ಎಲ್ಲರಿಗೂ ಹೇಳಿತು.

ಡಬ್ಬಿಯ ಅಮ್ಮ ಎದ್ದು, ‘ನನ್ನ ಮಗನಿಗೂ ಗೊತ್ತಿತ್ತಾ?’ ಅಂತ ಕೇಳಿದರು. ‘ಹೂಂ ಅಮ್ಮ’ ಅಂದ ಗಿಣಿ. ಆ ಮುದುಕಿ ಕೋಲಿಲ್ಲದೆಯೇ ತಡವರಿಸಿಕೊಂಡು ಹೋಗಿ ಟೀಚರ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟರು. ಗಿಣಿ ಸುತ್ತ ನೋಡಿದ. ಅವತ್ತಿನ ಹನ್ನೆರಡು ಕುರ್ಚಿಯಲ್ಲಿ ಕೂತಿದ್ದವರಲ್ಲಿ ಒಬ್ಬರೂ ಇರಲಿಲ್ಲ. ದೊಡ್ಡ ಹಿರಿಯರು ಚರ್ಚಿನ ಹಿಂದೆ ಮಣ್ಣಿನಲ್ಲಿದ್ದರು, ಅವರ ಪಕ್ಕದ ಸಾಲಿನಲ್ಲಿ ಟೀಚರ ಅಮ್ಮನೂ ಇದ್ದರು. ಇಲ್ಲಿ ಕೂತಿದ್ದ ಅರ್ಧ ಜನಕ್ಕೆ ಈ ಕಥೆಯೇ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ದಪ್ಪ ಡ್ರೈವರೊಬ್ಬ ಅಳುತ್ತಿರುವುದು, ಅಷ್ಟೇ.

ಮಧ್ಯಾಹ್ನ ಎಂದಿನಂತೆ ವ್ಯಾನು ಟೀಚರನ್ನು ಮನೆಗೆ ಕರೆತಂದಿತು. ಟೀಚರ ಗೇಟಿನ ಮುಂದೆ ಗಿಣಿ ಇಳಿದು ಬಾಗಿಲು ತೆಗೆದು ಕೈ ಕೊಟ್ಟ. ಅವರು ಕೈ ಹಿಡಿದೇ ಇಳಿದರು.

‘ಟೀಚರ್, ನನ್ನನ್ನ...’ ಅಂದ.

‘ಕ್ಷಮಿಸ್ತೀನಿ ಕಣೋ. ಕ್ಷಮಿಸ್ಲೇಬೇಕಲ್ಲ, ನಿಮಗೆಲ್ಲ ಅದನ್ನೇ ತಾನೇ ಹೇಳ್ಕೊಟ್ಟಿದ್ದು’ ಅಂದರು ಟೀಚರ್. ‘ಆದ್ರೆ ಇವತ್ತಾಗಲ್ಲ. ಇವತ್ತು ನನಗೆ ಅಮ್ಮನ ನೆನಪಾಗ್ತಿದೆ. ಅವಳು ಇದ್ದಾಗ ಹೇಳಿದ್ದಿದ್ರೆ...’ ಮಾತು ಅಲ್ಲಿಗೇ ಬಿಟ್ಟು ಮೆಟ್ಟಿಲು ಹತ್ತಿದರು.

ಆ ವಾರವೆಲ್ಲ ಗಿಣಿಯ ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿದ್ದಳು. ಬೇಕರಿಯವನು ತಲೆಯ ತಮಾಷೆ ಮಾಡಲಿಲ್ಲ. ಬುಧವಾರ ಪಾದ್ರಿಗಳು ಸಿಕ್ಕಿ, ಪಿಕ್ನಿಕ್ಕಿಗೆ ಟೀಚರ್ ಬರಲು ಒಪ್ಪಿದ್ದಾರೆ, ಹಾಜರಿಯನ್ನೂ ಕರೆಯುತ್ತಾರಂತೆ, ಕಣ್ಣು ಬಿಟ್ಟುಕೊಂಡು, ಅಂದರು. ಗಿಣಿಗೆ ಒಂದು ಚೂರು ಉಸಿರು ಬಂತು. ಇನ್ನು ಬೀಗದ ಕಾಟವೂ ತಪ್ಪಿತು, ಅವರ ಕಿವಿ ಅವರಿಗೆ ವಾಪಸ್ ಕೊಟ್ಟಿದ್ದೇನಲ್ಲ, ಅಂದುಕೊಂಡ.

ಮುಂದಿನ ಭಾನುವಾರ ಎಂಟೂವರೆಗೆ ವ್ಯಾನು ನಿಂತಿತು. ಟೀಚರ್ ಹೊರಗೆ ಬಂದು ಬೀಗ ಹಾಕಿ ಒಂದು ಸಲ ಜಗ್ಗಿದರು. ಗೇಟಿಗೆ ಬಂದರು. ವ್ಯಾನಿನಲ್ಲಿದ್ದ ಅಜ್ಜ ಅಜ್ಜಿಯರೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಗೇಟಿನಲ್ಲಿ ನಿಲ್ಲಲಿಲ್ಲ, ಮೆಟ್ಟಿಲಿನಲ್ಲೂ ನಿಲ್ಲಲಿಲ್ಲ. ನೇರ ಹತ್ತಿ ಬಂದು ಗಿಣಿಯ ಹಿಂದಿನ ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಯಾರೋ ಸಣ್ಣಗೆ ಚಪ್ಪಾಳೆಯನ್ನೂ ತಟ್ಟಿದರು. ಟೀಚರ್ ನಕ್ಕರು. ಗಿಣಿ ಮೂರು ಸಲ ತಲೆ ಎಣಿಸಿ ಗಾಡಿ ತೆಗೆದ.

ಬೀದಿ ಕೊನೆಗೆ, ದೊಡ್ಡ ರಸ್ತೆಗೆ ತಿರುಗುವ ಕಡೆ, ಅವನ ಹೆಗಲ ಮೇಲೆ ಎರಡು ಬೆರಳು ತಾಗಿದವು.

‘ಒಂದು ನಿಮಿಷ ವಾಪಸ್ ತಗೋತೀಯಾ?’ ಅಂದರು ಟೀಚರ್, ತೀರ ಸಣ್ಣ ದನಿಯಲ್ಲಿ. ‘ಹಾಕಿದ್ದೀನಿ, ಗೊತ್ತು ನನಗೆ. ಆದ್ರೂ ನೋಡ್ಕೊಂಡು ಬಂದ್ಬಿಡ್ತೀನಿ.’

ಗಿಣಿ ಬೀದಿಯುದ್ದಕ್ಕೂ ರಿವರ್ಸ್ ತೆಗೆದ. ಟೀಚರ್ ಇಳಿದು, ಮಂಡಿ ಹಿಡಿದುಕೊಂಡು ಏಳು ಮೆಟ್ಟಿಲು ಹತ್ತಿ, ಬೀಗವನ್ನು ಕೈಯಲ್ಲಿ ಹಿಡಿದು ಜಗ್ಗಿದರು. ಗಿಣಿ ಎಂಜಿನ್ ಆಫ್ ಮಾಡಿ ಕಾದ. ಬೀಗ ಸರಿಯಾಗೇ ಬಿದ್ದಿತ್ತು. ಇಷ್ಟು ವರ್ಷವೂ ಸರಿಯಾಗೇ ಬಿದ್ದಿತ್ತು.